ನಾಲ್ಕೂವರೆ ಅಂದರೆ ಯಾವ ನಾಲ್ಕೂವರೆ?

ನನ್ನ ತಮ್ಮನ ಮನೆಗೆ ಹೋಗುವವರಿಗೆಲ್ಲ ನಾನು ಮೊದಲೇ ಒಂದು ಎಚ್ಚರಿಕೆ ಕೊಟ್ಟುಬಿಡುತ್ತೇನೆ. ನಿಮ್ಮ ಮೈಮೇಲಾಗಲಿ, ಬಟ್ಟೆಯಲ್ಲಾಗಲಿ, ಕೈಚೀಲದಲ್ಲಾಗಲಿ ಯಾವುದಾದರೂ ತೂತಿದ್ದರೆ ದಯವಿಟ್ಟು ಮುಚ್ಚಿಕೊಂಡು ಒಳಗೆ ಹೋಗಿ! ಅವನ ಕಣ್ಣಿಗೆ ತೂತೊಂದು ಬಿತ್ತೋ, ನಿಮ್ಮ ಕಥೆ ಮುಗಿಯಿತು. ಆ ತೂತಿನ ಅಳತೆ ಎಷ್ಟು, ಅದರೊಳಗೆ ಹೋಗಬೇಕಾದ ವಸ್ತುವಿನ ಅಳತೆ ಎಷ್ಟು, ಎರಡಕ್ಕೂ ಹೊಂದಿಕೆ ಉಂಟೋ ಇಲ್ಲವೋ ಎಂಬ ವಿಚಾರಣೆ ಮುಗಿಯುವ ತನಕ ನಿಮಗೆ ಅಲ್ಲಿ ಕಾಫಿ ಹುಟ್ಟುವುದಿಲ್ಲ. ಕಿವಿಯೋಲೆ, ಬೀಗದ ಕೈ, ಚಪ್ಪಲಿಯ ಉಂಗುಟ, ಬಾಟಲಿಯ ಬಿರಡೆ, ಯಾವುದಕ್ಕೂ ವಿನಾಯಿತಿ ಇಲ್ಲ.

ಈ ಗುಣ ಅವನಿಗೆ ಎಲ್ಲಿಂದ ಬಂತೋ ನಾನರಿಯೆ. ನಮ್ಮ ತಂದೆ ತಾಯಿಗೆ ಇರಲಿಲ್ಲ. ನನಗೂ ಇಲ್ಲ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು. ಬೆಳಗಿನ ಐದಕ್ಕೆ ಏಳುವುದು, ಚಾದರದ ಮೂಲೆಯನ್ನು ಸುಕ್ಕಿಲ್ಲದೆ ಮಡಿಸುವುದು, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ. ಇವು ನನ್ನ ಶಿಸ್ತು. ಆದರೆ ಶಿಸ್ತಿಗೂ ಒಂದು ಮೇರೆ ಬೇಡವೇ? ನಾನು ಇಂಜೆಕ್ಷನ್ ಕೊಡುವಾಗ ಸೂಜಿಯ ನಂಬರು ನೋಡಿದ್ದೇನೆಯೇ ಹೊರತು ರೋಗಿಯ ಚರ್ಮದ ರಂಧ್ರ ಅಳೆದವಳಲ್ಲ!

ಅವನಿಗೆ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಸಣ್ಣದೊಂದು ಯೂನಿಟ್ಟಿದೆ. ದಪ್ಪ ಬಟ್ಟೆಗೆ ದಪ್ಪ ಸೂಜಿ, ಆ ಸೂಜಿಗೆ ತಕ್ಕ ದಾರ, ಗುಂಡಿಗೆ ತಕ್ಕ ಕಾಜಾ. ಇದರಲ್ಲಿ ಕೂದಲಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್ಸು ಬರುತ್ತದೆ ಎಂಬುದು ನಿಜವೇ. ಆದರೆ ಊರಿನಲ್ಲಿ ಇಂಥ ಯೂನಿಟ್ಟುಗಳು ಗಲ್ಲಿಗೊಂದಿವೆ, ಅವುಗಳ ಯಜಮಾನರೆಲ್ಲ ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುತ್ತಾರೆ. ಇವನ ಜೇಬಿನಲ್ಲಿರುವುದು ಕೂದಲಿನ ದಪ್ಪವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್! ಅದರ ಎರಡು ದವಡೆಗಳು ಜೇಬಿನಿಂದ ತಲೆಯೆತ್ತಿ, ಯಾರನ್ನು ಕಚ್ಚಲಿ ಎಂದು ಸದಾ ನೋಡುತ್ತಿರುತ್ತವೆ.

ಒಮ್ಮೆ ನಮ್ಮ ದೂರದ ಬಂಧುಗಳ ಮದುವೆಯಲ್ಲಿ ಅದು ಕಚ್ಚಿದ್ದು ಮದುಮಗನ ಬೆರಳನ್ನು. ಅಕ್ಷತೆ ಹಿಡಿದು ಎಲ್ಲರೂ ನಿಂತಿದ್ದೇವೆ, ಇವನು ಮಂಟಪ ಹತ್ತಿ ಉಂಗುರವನ್ನೂ ಬೆರಳನ್ನೂ ಅಳೆದು ಬೀಗರಿಗೆ ಹೇಳಿದ:

“ಒಂದು ನೂಲು ಸಡ್ಲ ಐತ್ರಿ. ಬೀಳತೈತಿ.”

“ಶುಭಕಾರ್ಯದಾಗ ಬೀಳೋ ಮಾತ್ಯಾಕ್ರಿ?” ಎಂದು ಬೀಗರು ಕೆಂಡವಾದರು.

ಊಟದ ಪಂಕ್ತಿಯಲ್ಲಿ ಮದುಮಗ ಸಂಪ್ರದಾಯದಂತೆ ಹಿರಿಯರಿಗೆ ಬಡಿಸಲು ಬಂದ. ಉಂಗುರ ಸಿಕ್ಕಿದ್ದು ಅದೇ ಬೀಗರ ಬಾಯಲ್ಲಿ, ಸಾರನ್ನದ ಮೊದಲ ತುತ್ತಿಗೆ! ಅವರು ಹಲ್ಲು ಹಿಡಿದುಕೊಂಡು ಕೂತಿದ್ದರೆ ನನ್ನ ತಮ್ಮ ಏನು ಮಾಡಿದ ಗೊತ್ತೇ? ನಾನು ಹೇಳಿರಲಿಲ್ಲವೇ ಎಂದು ಒಂದು ಮಾತೂ ಆಡಲಿಲ್ಲ. ಉಂಗುರ ಒರೆಸಿ, ಕಡಿತಕ್ಕೆ ಸೊಟ್ಟಗಾಗಿದೆಯೋ ಏನೋ ಎಂದು ಮತ್ತೊಮ್ಮೆ ಅಳೆದ.

ಇಂಥವನ ಜೊತೆ ಹೇಗೆ ಬಾಳುತ್ತೀಯೇ ಎಂದು ಅವನ ಹೆಂಡತಿಯನ್ನು ನಾನು ಕೇಳಿದ್ದುಂಟು. ಅವಳು ಬಾಯಲ್ಲಿ ಅವನಿಗಿಂತ ಚೂಪು.

“ಅಕ್ಕಾರ, ನನ್ನ ನೋಡಾಕ ಬಂದಾಗ ಒಂದು ಅಳತಿನೂ ತಗಂಡಿದ್ದಿಲ್ರಿ ಇವರು. ಇವರು ಕಣ್ಣು ಮುಚ್ಚಿ ಮಾಡಿದ ಕೆಲಸ ಅಂದ್ರ ಅದೊಂದೇ!”

“ಅದಕ್ಕ ಅಲ್ಲೇನು, ಸರಿಯಾಗಿ ಕುಂತಿದ್ದು?” ಎಂದ ಇವನು, ತಲೆಯೆತ್ತದೆ. ಅವಳು ನಾಚಿ ಅಡುಗೆಮನೆಗೆ ಹೋದಳು. ಜಗಳ ಆಡಲು ಬರದವರ ಮನೆಗೆ ನಾನು ಮತ್ತೆ ಪಂಚಾಯಿತಿಗೆ ಹೋಗಲಿಲ್ಲ.

ಹೀಗೆ ಸೂಜಿ, ದಾರ, ಉಂಗುರ ಎಂದು ಸಣ್ಣಪುಟ್ಟದ್ದರಲ್ಲಿ ಕಾಲ ಕಳೆಯುತ್ತಿದ್ದವನ ಕೈಗೆ ಒಂದು ದಿನ ಬಂದೂಕೇ ಬಂತು!

ತಂದವಳು ನಮ್ಮ ಕಿರಿಯ ತಂಗಿಯ ಮಗಳು. ಆ ತಂಗಿಯನ್ನು ಕೊಟ್ಟಿರುವುದು ಮಡಕಶಿರಾದ ಕಡೆಯ ಹಳ್ಳಿಗೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಮನೆತನ. ಹುಡುಗಿ ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದದ್ದು ಆಮೇಲೆ ಬಿಡಲೇ ಇಲ್ಲ. ಈಗ ಒಂದು ಶಾಲೆಯಲ್ಲಿ ಆಟದ ಟೀಚರು. ತನ್ನ ಸಂಬಳದಲ್ಲಿ ಹಳೆಯದೊಂದು ಏರ್ ರೈಫಲ್ ಕೊಂಡುಕೊಂಡು, ಹತ್ತು ಮೀಟರ್ ದೂರದ ಗುರಿಯ ಸ್ಪರ್ಧೆಗೆ ಹೋಗುತ್ತಿದ್ದಳು. ರಾಜ್ಯದ ತಂಡಕ್ಕೆ ಆಯ್ಕೆಯಾಗಬೇಕು, ಇದೊಂದೇ ಅವಳ ಆಸೆ. ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಎರಡನೆಯ ಸಲ ತಪ್ಪಿದ ಮೇಲೆ ರೈಫಲ್ ಪೆಟ್ಟಿಗೆ ಹೊತ್ತು ಸೀದಾ ರಾಯದುರ್ಗಕ್ಕೆ ಬಂದುಬಿಟ್ಟಳು. ಬಸ್ಸಿನಲ್ಲಿ ಕಂಡಕ್ಟರು “ವೀಣೆಯಾ ಅಮ್ಮಾ?” ಎಂದು ಕೇಳಿದನಂತೆ. “ಹೂಂ, ಶ್ರುತಿ ತಪ್ಪೈತೆ” ಅಂದಳಂತೆ.

ನಮ್ಮೆದುರು ಮಾತ್ರ ನಗಲಿಲ್ಲ.

“ನಮ್ ಕೋಚು ಹೇಳ್‌ಬಿಟ್ರು ದೊಡ್ಡಮ್ಮ. ‘ನಿನ್ ಕೈಯಲ್ಲೇ ಇಲ್ಲಮ್ಮ ಅದು’ ಅಂದ್ರು. ಇನ್ನೊಂದೇ ಒಂದ್ ಸಲ ನೋಡ್ತೀನಿ. ಈ ಸಲಾನೂ ಆಗ್ಲಿಲ್ಲ ಅಂದ್ರೆ ರೈಫಲ್ ಮಾರ್‌ಬಿಟ್ಟು, ಮಕ್ಳಿಗೆ ಕಬಡ್ಡಿ ಆಡ್ಸ್‌ಕಂಡು ಇದ್ದ್‌ಬಿಡ್ತೀನಿ.”

ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ನನ್ನ ತಮ್ಮ ಆಗಲೇ ಅವಳ ಪೆಲೆಟ್ ಡಬ್ಬಿ ತೆರೆದಿದ್ದ.

“ಇದು ಎಷ್ಟವ್ವಾ?”

“ನಾಲ್ಕೂವರೆ ಮಿಲಿಮೀಟ್ರು ಮಾವ.”

“ನಾಲ್ಕೂವರೆ ಅಂದ್ರ ಯಾವ ನಾಲ್ಕೂವರೆ?”

“ನಾಲ್ಕೂವರೆ ಅಂದ್ರೆ ನಾಲ್ಕೂವರೇನೇ ಮಾವ!”

“ಹಂಗ ಎಲ್ಲೈತಿ?” ಎಂದು ಅವನು ಕ್ಯಾಲಿಪರ್ ತೆಗೆದ. ಅದರ ದವಡೆಗಳಿಗೆ ಅಂದು ಹಬ್ಬ.

ಪೆಲೆಟ್ ಎಂದರೆ ಏನು ಎಂದು ನನಗೂ ಆಗಲೇ ತಿಳಿದದ್ದು. ಸೀಸದ ಪುಟ್ಟ ಗುಂಡು. ತಲೆ ಚಪ್ಪಟೆ, ನಡು ಸಣ್ಣ, ಕೆಳಗೆ ಲಂಗ ಉಟ್ಟಂತೆ ಅಗಲ. ಬಂದೂಕಿನ ನಳಿಗೆಯ ಒಳಗೆ ತಿರುಚಿಕೊಂಡು ಹೋಗುವ ಗೀರುಗಳಿರುತ್ತವೆ. ಹಿಂದಿನಿಂದ ಗಾಳಿ ನೂಕಿದಾಗ ಆ ಲಂಗ ಅರಳಿ ಗೀರುಗಳನ್ನು ಹಿಡಿಯುತ್ತದೆ, ಗುಂಡು ಬುಗುರಿಯಂತೆ ಸುತ್ತುತ್ತ ನೆಟ್ಟಗೆ ಹೋಗುತ್ತದೆ. ತಲೆ ಸಡಿಲವಾದರೆ ಒಳಗೆ ಓಲಾಡುತ್ತದೆ, ಬಿಗಿಯಾದರೆ ತಿಕ್ಕಿ ತಿಣುಕುತ್ತದೆ. ಅದಕ್ಕೇ ಕಂಪನಿಯವರು ಒಂದು ಮಿಲಿಮೀಟರನ್ನು ನೂರು ಚೂರು ಮಾಡಿ, ಒಂದೊಂದು ಚೂರಿನ ವ್ಯತ್ಯಾಸಕ್ಕೆ ಒಂದೊಂದು ಡಬ್ಬಿ ಮಾಡಿರುತ್ತಾರಂತೆ. ನೂರನೆಯ ಒಂದು ಚೂರು! ಜಗತ್ತಿನಲ್ಲಿ ತನ್ನಂಥವರು ಇನ್ನೂ ಇದ್ದಾರೆ ಎಂದು ತಿಳಿದು ನನ್ನ ತಮ್ಮನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ನಿನ್ನ ಕೈಯಾಗ ಏನೂ ತಪ್ಪಿಲ್ಲವ್ವಾ,” ಎಂದ. “ಕೋಚ್ ಸಾಹೇಬ್ರು ನಳಿಗಿ ಅಳದಾರೇನು? ಇಲ್ಲ. ಗುಂಡು ಅಳದಾರೇನು? ಇಲ್ಲ. ಕೈ ಒಂದು ಕಣ್ಣಿಗೆ ಕಂಡೈತಿ, ಅದ್ರ ಮ್ಯಾಲೆ ಹಾಕ್ಯಾರ. ಸೈಜ್ ನಾನು ನೋಡ್ತೀನಿ. ನೀ ಅಳಬ್ಯಾಡ.”

ಹುಡುಗಿಯ ಮುಖ ಒಂದು ಕ್ಷಣ ಬೆಳಗಿತು. ಆ ಮಾತು ಅವಳಿಗೆ ಎಷ್ಟು ಬೇಕಾಗಿತ್ತು ಎಂದು ನನಗೆ ಕಂಡಿತು. ರೈಫಲನ್ನು ಮಾವನ ಬಳಿಯೇ ಬಿಟ್ಟು ಊರಿಗೆ ಹೋದಳು.

ಆಮೇಲೆ ಆ ಮನೆಯಲ್ಲಿ ಕುಕ್ಕರ್ ಕೂಗಬಾರದು ಎಂಬ ಕಾನೂನು ಬಂತು! ನಳಿಗೆಯೊಳಗೆ ಪೆಲೆಟ್ ಇಟ್ಟು, ಬಟ್ಟೆ ಸುತ್ತಿದ ಸರಳಿನಿಂದ ಮೆಲ್ಲಗೆ ನೂಕುತ್ತ, ಅದು ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ಬೆರಳಿನಲ್ಲೇ ತಿಳಿಯಬೇಕು. ಇವನು ಕಣ್ಣು ಮುಚ್ಚಿ, ಉಸಿರು ಹಿಡಿದು ನೂಕುತ್ತಿದ್ದ. ಹೆರಿಗೆ ಕೋಣೆಯಲ್ಲೂ ನಾನು ಅಂಥ ಮೌನ ಕಂಡಿಲ್ಲ, ಅಲ್ಲಿ ಗದ್ದಲವೇ ಹೆಚ್ಚು ಬಿಡಿ.

ಲಂಗ ನೆಗ್ಗಿದ ಪೆಲೆಟ್‌ಗಳನ್ನು ಬೇರೆ ಮಾಡಬೇಕಿತ್ತು. ಗಾಜಿನ ಮೇಲೆ ಉರುಳಿಸಿದರೆ ಸರಿಯಾದದ್ದು ಬಳೆಯಂತೆ ದುಂಡಗೆ ಸುತ್ತುತ್ತದೆ, ನೆಗ್ಗಿದ್ದು ಕುಂಟುತ್ತದೆ. ಗಾಜು ಎಲ್ಲಿಂದ ಬಂತು? ಎರಡು ದಿನ ಯಾರಿಗೂ ತಿಳಿಯಲಿಲ್ಲ.

“ಅಕ್ಕಾರ,” ಎಂದು ಅವನ ಹೆಂಡತಿ ನನ್ನ ಮನೆಗೇ ಓಡಿ ಬಂದಳು, “ಕುಂಕುಮ ಹಚ್ಚೀನಿ, ಯಾಕಪ್ಪಾ ಇವತ್ತು ಇಷ್ಟು ಚಂದ ಅಂಟತೈತಿ ಅಂತ ನೋಡ್ತೀನಿ, ದೇವರ ಫೋಟೋಕ್ಕ ಗಾಜೇ ಇಲ್ರಿ!”

“ದೇವರೇನು ಉರುಳಿ ಹೋಗ್ತಾನೇನು?” ಎಂದು ಅವನ ಸಮಜಾಯಿಷಿ. “ಗುಂಡು ಉರುಳಬೇಕು. ಯಾರಿಗೆ ಗಾಜು ಬೇಕು, ನೀನ ಹೇಳು.”

ಪಕ್ಕದ ಮನೆಯವರು ಬಂದೂಕು ಕಂಡು ಹೆದರಿ ಯಾರಿಗೋ ಹೇಳಿ, ಒಬ್ಬ ಕಾನ್‌ಸ್ಟೇಬಲ್ ಬಂದ. “ಏಂದಯ್ಯಾ ಈ ತುಪಾಕಿ?” ಎಂದು ಗದರಿದ. ಇದೇನಯ್ಯಾ ಈ ಬಂದೂಕು ಎಂದು. ನನ್ನ ತಮ್ಮ ಅದನ್ನು ಕೊಂಡ ರಸೀತಿ ತೋರಿಸಿದ, ಗುರಿಯ ಸ್ಪರ್ಧೆಯ ಕಾಗದ ತೋರಿಸಿದ, ಕೊನೆಗೆ ಕಾನ್‌ಸ್ಟೇಬಲ್ಲನ ಹೊಟ್ಟೆಯನ್ನೇ ನೋಡುತ್ತ ನಿಂತ. ಬೆಲ್ಟಿನ ಕೊನೆಯ ತೂತಿಗೆ ಮುಳ್ಳು ಸಿಕ್ಕಿಸಿ ಪಾಪ ಅವನು ಉಸಿರು ಬಿಗಿಹಿಡಿದಿದ್ದ. ಇವನು ಒಳಗಿಂದ ಬೆಲ್ಟಿಗೆ ತೂತು ಹೊಡೆಯುವ ಪಂಚು ತಂದ. ಬಂದೂಕು ಹಿಡಿಯಲು ಬಂದ ಕಾನ್‌ಸ್ಟೇಬಲ್, ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಿಕೊಂಡು, ಸುಖವಾಗಿ ಉಸಿರಾಡುತ್ತ ಹೋದ!

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವನು ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಸ್ಲಗ್ ಎಂಬುದನ್ನು ಕಂಡುಹಿಡಿದ. ಪೆಲೆಟ್‌ಗೆ ನಡುವಿದೆ, ಲಂಗವಿದೆ, ಸ್ವಲ್ಪ ಹೆಚ್ಚುಕಡಿಮೆಯಾದರೂ ಹೊಂದಿಕೊಂಡು ಹೋಗುತ್ತದೆ. ಸ್ಲಗ್ ಹಾಗಲ್ಲ. ಅದು ಉದ್ದಕ್ಕೂ ಒಂದೇ ದಪ್ಪದ ಗಟ್ಟಿ ಸೀಸ. ಬಯಲಲ್ಲಿ ದೂರದ ಗುರಿಗೆ, ಗಾಳಿಗೆ ಜಗ್ಗದೆ ಹೋಗಲು ಅದು ಬೇಕು. ಅದಕ್ಕೆ ನಳಿಗೆಯ ಅಳತೆ ಕರಾರುವಾಕ್ಕಾಗಿ ಸಿಗಬೇಕು, ಇಲ್ಲವಾದರೆ ಒಳಗೇ ಕೂತುಬಿಡುತ್ತದೆ. ನಮ್ಮ ಹುಡುಗಿಯ ಹತ್ತು ಮೀಟರಿನ ಆಟಕ್ಕೆ ಅದರ ಕೆಲಸವೇ ಇಲ್ಲ, ಅಲ್ಲಿ ಅದನ್ನು ಬಳಸಲೂ ಬಿಡುವುದಿಲ್ಲ. ಆದರೆ ಹೊಂದಿಕೊಂಡು ಹೋಗದ ವಸ್ತು ಎಂದರೆ ನನ್ನ ತಮ್ಮನಿಗೆ ಎಲ್ಲಿಲ್ಲದ ಪ್ರೀತಿ. ತರಿಸಿದ. ನೂಕಿದ. ನಳಿಗೆಯ ಅರ್ಧಕ್ಕೆ ಹೋಗಿ ಅದು ಕೂತಿತು!

ಮುಂದಕ್ಕೆ ಹೋಗದು, ಹಿಂದಕ್ಕೆ ಬರದು. ಅದೇ ದಿನ ಹುಡುಗಿ ರೈಫಲ್ ನೋಡಲು ಬಂದಿದ್ದಳು. ಬಾಗಿಲಲ್ಲಿ ನಿಂತವಳ ಮುಖ ಸುಣ್ಣದಂತಾಯಿತು.

“ಮಾವ, ನಳಿಗೆ ಒಳಗೆ ಗೀಚ್‌ಬಿಟ್ರೆ ಮುಗೀತು ಕಣಪ್ಪ! ಇನ್ನೊಂದು ತಗಳ್ಳಾಕೆ ನನ್ ಕೈಲಿ ಆಗಲ್ಲ. ಆಯ್ಕೆಗೆ ಏನ್ ಹಿಡ್ಕಂಡು ಹೋಗ್ಲಿ ನಾನು, ನಿನ್ ಕ್ಯಾಲಿಪರ್ರಾ?”

ನನ್ನ ತಮ್ಮ ಸರಳು ಹಿಡಿದು ಬೆವರುತ್ತಿದ್ದ. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡೆ. ಕಡಲೆಕಾಯಿ ಬೆಳೆಯುವ ಸೀಮೆಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು ನಾನು. ಮಕ್ಕಳ ಮೂಗಿನಿಂದ ನಾನು ತೆಗೆದ ಕಡಲೆಬೀಜಗಳನ್ನು ಕೂಡಿಸಿದ್ದರೆ ಒಂದು ಗಾಣದೆಣ್ಣೆ ಆಗುತ್ತಿತ್ತು! ಸಿಕ್ಕಿಕೊಂಡದ್ದನ್ನು ತೆಗೆಯುವ ನಿಯಮ ಮೂಗಿಗೂ ಬಂದೂಕಿಗೂ ಒಂದೇ: ಮುಂದಕ್ಕೆ ನೂಕಬಾರದು, ಬಂದ ದಾರಿಯಲ್ಲೇ ಕಳಿಸಬೇಕು, ಹತ್ತಿರ ಅಳುವವರು ಇರಬಾರದು. ಇಬ್ಬರನ್ನೂ ಹೊರಗೆ ಕಳಿಸಿದೆ. ಗಾಳಿ ತುಂಬಿಲ್ಲವೆಂದು ಮೊದಲೇ ಹುಡುಗಿಯಿಂದ ಖಾತ್ರಿ ಮಾಡಿಸಿಕೊಂಡಿದ್ದೆ. ಒಂದು ಹನಿ ಎಣ್ಣೆ ಬಿಟ್ಟು, ಸರಳಿಗೆ ಹೊಸ ಬಟ್ಟೆ ಸುತ್ತಿ, ನಳಿಗೆಯ ಬಾಯಿಯ ಕಡೆಯಿಂದ ಹಿಂದಕ್ಕೆ ಒಂದೇ ಸಮನೆ ಒತ್ತಿದೆ. ಟಕ್ಕೆಂದು ಅಂಗೈಗೆ ಬಿತ್ತು.

ಹುಡುಗಿ ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ, ಹೊಸ ಗೀಚು ಯಾವುದೂ ಬಿದ್ದಿಲ್ಲವೆಂದು ಉಸಿರು ಬಿಟ್ಟಳು. ಇವನು? ಬೈಸಿಕೊಳ್ಳಲು ತಲೆತಗ್ಗಿಸಿ ನಿಲ್ಲಬೇಕಾದವನು, ನನ್ನ ಅಂಗೈಯಿಂದ ಆ ಸ್ಲಗ್ ಕಿತ್ತುಕೊಂಡು ಬೆಳಕಿಗೆ ಹಿಡಿದ. ನಳಿಗೆಯ ಗೀರುಗಳೆಲ್ಲ ಅದರ ಮೈಮೇಲೆ ಅಚ್ಚೊತ್ತಿದಂತೆ ಮೂಡಿದ್ದವು.

“ಅಕ್ಕಾ!” ಎಂದು ಕೂಗಿದ. “ನಳಿಗಿ ಒಳಗ ಕ್ಯಾಲಿಪರ್ ಹೋಗಂಗಿಲ್ಲ ಅಂತ ಒದ್ದಾಡ್ತಿದ್ನೆಲ್ಲ, ನಳಿಗೀನ ತನ್ನ ಅಳತಿ ಬರದು ಕಳಿಸೈತಿ ನೋಡು!”

ಅಳೆದ. ಹುಡುಗಿ ಇಷ್ಟು ದಿನ ಹಾರಿಸುತ್ತಿದ್ದ ಪೆಲೆಟ್‌ನ ತಲೆ ಆ ಅಳತೆಗೆ ನಿಜಕ್ಕೂ ಕೂದಲಷ್ಟು ದೊಡ್ಡದಿತ್ತು. ಅಂದು ಅವನು ನಡೆದಾಡಿದ್ದು ನೆಲದ ಮೇಲಲ್ಲ! ಅವಘಡದಿಂದ ಲಾಭ ಹುಟ್ಟಿದಾಗ ಬೈಯುವವರಿಗೆ ಎಷ್ಟು ಕಷ್ಟ ಎಂದು ನನಗೆ ಅವತ್ತು ತಿಳಿಯಿತು.

ಇನ್ನು ಉಳಿದದ್ದು ಪರೀಕ್ಷೆ. ಆ ಅಳತೆಯ ಸುತ್ತಮುತ್ತಲಿನ ಡಬ್ಬಿಗಳನ್ನೆಲ್ಲ ತರಿಸಿ, ಒಂದೊಂದರಿಂದ ಹಾರಿಸಿ, ಯಾವುದು ಒಂದೇ ಜಾಗಕ್ಕೆ ಹೋಗಿ ಬೀಳುತ್ತದೆ ಎಂದು ನೋಡಬೇಕು. ಅದಕ್ಕೆ ಉದ್ದನೆಯ, ಗಾಳಿಯಾಡದ ಜಾಗ ಬೇಕು. ಅಂಥದ್ದು ಮಡಕಶಿರಾದ ತಂಗಿಯ ಹುಳು ಸಾಕುವ ಮನೆ. ಒಂದು ಬೆಳೆ ಗೂಡು ಕಟ್ಟಿ ಮಾರಾಟವಾಗಿ, ಮನೆ ತೊಳೆದು ಖಾಲಿ ಬಿಟ್ಟಿದ್ದರು. ಭಾನುವಾರ ನಾನೂ ನನ್ನ ತಮ್ಮನೂ ಬಸ್ಸು ಬದಲಿಸಿಕೊಂಡು ಹೊರಟೆವು. ಕುಲುಕಾಟಕ್ಕೆ ಪೆಲೆಟ್‌ಗಳ ಲಂಗ ನೆಗ್ಗಬಾರದೆಂದು ಡಬ್ಬಿಗಳನ್ನು ಜೀನ್ಸ್ ಚಿಂದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಅವುಗಳನ್ನು ಎದೆಗೊತ್ತಿಕೊಂಡು ಸೀಟಿನಿಂದ ಎದ್ದು ನಿಲ್ಲುತ್ತಿದ್ದ. ಪಕ್ಕದ ಹೆಂಗಸು ನನ್ನ ಕಿವಿಯಲ್ಲಿ, “ಆಪರೇಷನ್ ಆಗೈತೇನಮ್ಮ ಪಾಪ?” ಎಂದು ಕೇಳಿದಳು. ನಾನು ಹೌದೆಂದೆ. ಬಿಡಿಸಿ ಹೇಳಲು ಪಯಣ ಸಾಲದು.

ತಂಗಿಯ ಗಂಡ ನಮ್ಮನ್ನು ಕಂಡವನೇ ಚುಡಾಯಿಸಲು ಶುರು ಮಾಡಿದ.

“ಬನ್ನಿ ಭಾವ, ಬನ್ನಿ. ನಮ್ ಹುಳಗಳಿಗೂ ಒಂದು ಅಳತೆ ಹಾಕ್‌ಕೊಟ್ಟು ಹೋಗಿ. ಬಾಯಿಗೆ ತಕ್ಕ ಸೊಪ್ಪು ಕೊಡೋಣ.”

“ನೀವು ಹುಳಕ್ಕ ಸೊಪ್ಪು ಹೆಂಗ ಕೊಡ್ತೀರಿ?” ಎಂದು ಇವನು ಗಂಭೀರವಾಗಿ ಕೇಳಿದ.

“ಹೆಂಗೆ ಅಂದ್ರೆ, ಮರಿ ಇದ್ದಾಗ ಸಣ್ಣಕೆ ಹೆಚ್ತೀವಿ, ಬೆಳೀತಾ ಬೆಳೀತಾ ದೊಡ್ಡ ಚೂರು, ಆಮೇಲೆ ಎಲೆ, ಕೊನೆಗೆ ಕಡ್ಡೀನೇ...” ಎನ್ನುತ್ತ ತಂಗಿಯ ಗಂಡ ಮಧ್ಯದಲ್ಲೇ ಮಾತು ನಿಲ್ಲಿಸಿದ. ನಾವೆಲ್ಲ ನಕ್ಕೆವು.

“ಮತ್ತ?” ಎಂದ ನನ್ನ ತಮ್ಮ. “ನಿಮ್ಮ ಮನ್ಯಾಗ ಹುಳಕ್ಕ ಇರೋ ಮರ್ಯಾದಿ ಮಗಳ ಬಂದೂಕಿಗೆ ಬ್ಯಾಡೇನ್ರಿ?”

ರೈಫಲನ್ನು ಮೇಜಿಗೆ ಅಲ್ಲಾಡದಂತೆ ಕ್ಲಾಂಪ್ ಹಾಕಿ ಬಿಗಿದರು. ಯಾರ ಕೈಯೂ ಅದನ್ನು ಹಿಡಿದಿರಲಿಲ್ಲ, ಹುಡುಗಿ ಕುದುರೆಯನ್ನು, ಅಂದರೆ ಟ್ರಿಗರನ್ನು, ಮೆಲ್ಲಗೆ ಒತ್ತುವುದಷ್ಟೆ. ಮೊದಲನೆಯ ಡಬ್ಬಿಯವು ಕಾಗದದ ಮೇಲೆ ಸಾಸಿವೆ ಚೆಲ್ಲಿದಂತೆ ಬಿದ್ದವು. ಎರಡನೆಯದರವು ಸ್ವಲ್ಪ ಹತ್ತಿರ ಬಂದವು. ಸ್ಲಗ್ ಹೇಳಿದ ಅಳತೆಯ ಡಬ್ಬಿ ಬಂತು ನೋಡಿ, ಒಂದರ ಹಿಂದೊಂದು ಹೋಗಿ ಎಲ್ಲವೂ ಒಂದೇ ತೂತು! ಅಂಚು ಹರಿಯದ, ಒಳ್ಳೆಯ ಕಾಜಾದಂಥ ತೂತು.

ಅವನು ಕುಣಿದಾಡುತ್ತಾನೆ ಎಂದು ನಾನು ಹಿಂದೆ ಸರಿದು ಜಾಗ ಕೊಟ್ಟೆ. ಅವನು ಕುಣಿಯಲಿಲ್ಲ. ಆ ಕಾಗದವನ್ನೇ ನೋಡುತ್ತ ನಿಂತಿದ್ದ. ಆಮೇಲೆ, “ಇನ್ನೂ ನೋಡೋಣ ಬಿಡವ್ವಾ. ಇನ್ನೊಂದು ಕಂಪನೀದು ಐತಂತ, ತರಸ್ತೀನಿ,” ಎಂದ. ಹುಡುಗಿ ತಲೆಯಾಡಿಸಿದಳು.

ಮುಂದಿನ ಭಾನುವಾರ ಇನ್ನೊಂದು ಕಂಪನಿಯದು. ಅದರ ಮುಂದಿನ ಭಾನುವಾರ ಮತ್ತೊಂದು. ಯಾವುದೂ ಆ ಒಂದು ತೂತಿನ ಡಬ್ಬಿಯನ್ನು ಮೀರಲಿಲ್ಲ. ಆಯ್ಕೆಯ ದಿನ ಹತ್ತಿರವಾಗುತ್ತಿತ್ತು. ಹುಡುಗಿ ಅಭ್ಯಾಸವನ್ನೇ ಬಿಟ್ಟಿದ್ದಳು. “ಗುಂಡು ಇನ್ನೂ ಗೊತ್ತಾಗಿಲ್ವಲ್ಲ ದೊಡ್ಡಮ್ಮ” ಅನ್ನುತ್ತಿದ್ದಳು. ಅತ್ತ ತಂಗಿಯ ಗಂಡ, ಮುಂದಿನ ಬೆಳೆಗೆ ಹುಳು ಬರುತ್ತವೆ, ಮನೆ ಬಿಡಬೇಕು ಎಂದು ಜ್ಞಾಪಿಸುತ್ತಿದ್ದ. ಹೊತ್ತು ಮೀರುವುದನ್ನು ನಾನು ಸಹಿಸುವವಳಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ಹಿಡಿದುಕೊಂಡೆ.

“ಏನಪ್ಪಾ, ನಿನಗ ಹುಚ್ಚು ಪೂರಾ ಏರೇತೇನು? ಮೊದಲನೇ ವಾರನ ಸಿಕ್ಕೈತಿ ಗುಂಡು. ಇನ್ನೇನು ಹುಡುಕ್ತಿ?”

ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಹಾಗೆ ನೋಡುತ್ತಲೇ ಹೇಳಿದ:

“ಸಿಕ್ಕೈತಕ್ಕ. ಅದ ತ್ರಾಸು. ಹಳೀ ಗುಂಡಿಗೂ ಇದಕ್ಕೂ ಎಷ್ಟು ಫರಕು ಬರತೈತಿ ಅಂತ ಲೆಕ್ಕ ಹಾಕಿ ನೋಡೀನಿ. ಆಕಿ ಎರಡು ಸಲ ಕಳಕಂಡ ಅಂಕ ಅದಕ್ಕಿಂತ ಜಾಸ್ತಿ ಐತಿ. ಬಂದೂಕು ಸರಿ, ಗುಂಡು ಸರಿ ಅಂದಬಿಟ್ರ ಇನ್ನೇನು ಉಳೀತು ಹೇಳು? ಆಕಿ ಕೈ ಉಳೀತು. ಕೋಚು ಬಾಯಿಲೆ ಅಂದಿದ್ದ, ನಾನು ಅಳತಿ ಹಿಡಿದು ಅದನ್ನ ಅನಬೇಕೇನು? ನನ್ನ ಬಾಯಾಗ ಬರಂಗಿಲ್ಲಕ್ಕ.”

ಬೀಗರ ಮುಖಕ್ಕೆ ಹೊಡೆದಂತೆ ಉಂಗುರ ಸಡಿಲ ಎಂದವನು ಇವನೇ! ಕೂದಲಷ್ಟು ಅಳತೆ ತಪ್ಪಿದರೆ ದೇವರ ಮುಂದೆಯೂ ಸುಮ್ಮನಿರದವನು, ಒಂದು ಹುಡುಗಿಯ ಮುಂದೆ ವಾರಗಟ್ಟಲೆ ಬಾಯಿ ಮುಚ್ಚಿಕೊಂಡು ಡಬ್ಬಿಯ ಮೇಲೆ ಡಬ್ಬಿ ತರಿಸುತ್ತಿದ್ದ. ನನಗೆ ಬೈಯಬೇಕೆನಿಸಲಿಲ್ಲ. ಆದರೆ ನೋವಾಗುತ್ತದೆಂದು ಇಂಜೆಕ್ಷನ್ ಮುಂದೂಡಿದರೆ ರೋಗ ಕಾಯುತ್ತದೆಯೇ?

“ಬರೋ ಭಾನುವಾರ ಹೇಳಬೇಕು,” ಎಂದೆ. “ನೀ ಹೇಳದಿದ್ರ ನಾ ಹೇಳ್ತೀನಿ.”

ಭಾನುವಾರ ತಂಗಿಯ ಮನೆಯ ಪಡಸಾಲೆಯಲ್ಲಿ ರಾಗಿರೊಟ್ಟಿ ತಿನ್ನುತ್ತ ಕೂತಿದ್ದೆವು. ಅವನು ರೊಟ್ಟಿಯನ್ನು ಮುರಿಯುತ್ತ, ಮುರಿದದ್ದನ್ನು ಮತ್ತೆ ಮುರಿಯುತ್ತ ಕೊನೆಗೆ ಅಂದ:

“ಸೈಜು ಕುಂತೈತವ್ವಾ. ಆ ಒಂದ ತೂತು ಬಿತ್ತಲ್ಲ, ಅದ ಡಬ್ಬಿ. ಇನ್ನ ಹುಡುಕಾದಿಲ್ಲ.”

ಹುಡುಗಿ ಚಟ್ನಿ ಸವರಿಕೊಳ್ಳುತ್ತಲೇ ಇದ್ದಳು. “ಗೊತ್ತು ಮಾವ,” ಎಂದಳು. “ಅವತ್ತೇ ನೋಡಿದ್ನಲ್ಲ.”

“ಮತ್ಯಾಕವ್ವಾ ಸುಮ್ನಿದ್ದಿ?”

“ನೀನ್ಯಾಕೆ ಸುಮ್ನಿದ್ದೆ?”

ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

“ಭಯ ಆಗಿತ್ತು ಮಾವ. ಗುಂಡಿನ ಮೇಲೆ ಹಾಕ್‌ಬೋದಾಗಿತ್ತು, ಅದೂ ಹೋಯ್ತಲ್ಲ ಅಂತ. ನೀನು ಬೇರೆ ಪ್ರತಿ ವಾರ ಹೊಸ ಡಬ್ಬಿ ಹಿಡ್ಕಂಡು ಬರ್ತಿದ್ದೆ, ಬ್ಯಾಡ ಅನ್ನಾಕೆ ಮನಸು ಬರ್ಲಿಲ್ಲ.” ಚಟ್ನಿ ಬಟ್ಟಲು ಸರಿಸಿ ಅಂದಳು, “ನಿನ್ನೆ ರಾತ್ರಿ ಯೋಚ್ನೆ ಮಾಡ್ದೆ. ಮೊದ್ಲು ತಪ್ಪಾದಾಗ ಯಾಕೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಬಂದೂಕೋ, ಗುಂಡೋ, ಗ್ರಹಚಾರಾನೋ, ನನ್ ಕೈಯೋ. ಈಗ ಮೂರು ಮನೆ ಬಾಗ್ಲು ಮುಚ್ಚಾಯ್ತು. ಒಂದೇ ಮನೆ ಉಳ್ದೈತೆ. ಅಲ್ಲಿ ಹುಡುಕಿದ್ರೆ ಸಿಗ್ದೇ ಎಲ್ಲಿಗ್ ಹೋಗುತ್ತೆ?”

ತಂಗಿ ಒಳಗಿಂದ ಇನ್ನೊಂದು ರೊಟ್ಟಿ ತಂದು ಅವಳ ತಟ್ಟೆಗೆ ಹಾಕಿದಳು. ನನ್ನ ತಮ್ಮ ತನ್ನ ರೊಟ್ಟಿಯನ್ನು ಅವತ್ತು ಮೊದಲ ಬಾರಿಗೆ ಬಾಯಿಗಿಟ್ಟ.

ಹುಡುಕಿದ್ದಾಯಿತು, ಸಿಕ್ಕಿತು. ಅಂಕ ಎಷ್ಟಾಯಿತು ಎಂದು ಮನಸ್ಸು ಲೆಕ್ಕ ಹಾಕಿದ ಕ್ಷಣವೇ ಅವಳ ಬೆರಳು ಅವಸರ ಮಾಡುತ್ತಿತ್ತು. ಇದಕ್ಕೆ ಮದ್ದು ನನ್ನ ಬಳಿ ಇತ್ತು: ದಿನಚರಿ! ಶಾಲೆಗೆ ರಜೆ ಹಾಕಿಸಿ ನನ್ನ ಮನೆಗೇ ಕರೆತಂದೆ. ಐದಕ್ಕೆ ಏಳು, ಉಸಿರಾಟ, ನಡಿಗೆ, ಊಟ, ಅಭ್ಯಾಸ. ಇನ್ನು ಅಭ್ಯಾಸದ ರೀತಿ ಕೇಳಿದರೆ ನೀವು ನಗುತ್ತೀರಿ. ಬೆರಳಿನ ಅವಸರ ಬಿಡಿಸಲು ಖಾಲಿ ರೈಫಲ್ ಹಿಡಿದು, 
ಗೋಡೆಯ ಚುಕ್ಕಿಗೆ ಗುರಿಯಿಟ್ಟು, ಸುಮ್ಮನೆ ಕುದುರೆ ಒತ್ತುವುದು. ಗುಂಡೇ ಇಲ್ಲದ ಅಭ್ಯಾಸ! ಲೋಕದ ಡಬ್ಬಿಗಳನ್ನೆಲ್ಲ ತರಿಸಿದ ಮಹಾನುಭಾವ ದಿನವೂ ಬಂದು ಮೂಲೆಯಲ್ಲಿ ಕೂತು, ಏನೂ ಹಾರದ ಬಂದೂಕನ್ನು ನೋಡುತ್ತಿದ್ದ.

“ಒಂದಾರ ಗುಂಡು ಹಾಕ್ಕಳವ್ವಾ,” ಎಂದು ಒಮ್ಮೆ ಗೋಗರೆದ.

“ಹೊರಗ ನಡಿ,” ಎಂದೆ ನಾನು.

ಆಯ್ಕೆಯ ದಿನ ಮೂವರೂ ಹೋದೆವು. ದೊಡ್ಡ ಹಾಲ್. ಒಳಗೆ ಗಾಜಿನ ಹಿಂದೆ ನಿಂತು ನೋಡಲು ಮನೆಯವರಿಗೆ ಜಾಗವಿತ್ತು. ನನ್ನ ತಮ್ಮ ಬಾಗಿಲ ತನಕ ಬಂದು ನಿಂತುಬಿಟ್ಟ. “ನಾ ಬರಂಗಿಲ್ಲಕ್ಕ. ನೀ ಹೋಗು,” ಎಂದ. ಅವನನ್ನು ಒಬ್ಬನೇ ಬಿಡಲು ನನಗೆ ಮನಸ್ಸಾಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಒಳಗಿಂದ ಟಪ್, ಟಪ್ ಎಂದು ಗಾಳಿ ಒಡೆಯುವ ಸದ್ದು. ಎಷ್ಟೋ ಜನ ಒಟ್ಟಿಗೆ ಹಾರಿಸುವಾಗ ಯಾವುದು ಯಾರದ್ದು?

“ಅದು ನಮ್ದು,” ಎಂದ. ಸ್ವಲ್ಪ ಹೊತ್ತಿಗೆ, “ಅದಲ್ಲ, ಇದು,” ಎಂದ. ಆಮೇಲೆ ಅದನ್ನೂ ಬಿಟ್ಟ. ಟೀ ಮಾರುವವನು ಬಂದ, ಹೋದ. ಸದ್ದುಗಳು ಒಂದೊಂದಾಗಿ ನಿಂತವು. ಜನ ಹೊರಗೆ ಬರತೊಡಗಿದರು. ಕೆಲವರು ನಗುತ್ತ, ಕೆಲವರು ಫೋನು ಕಿವಿಗಿಟ್ಟು ಅತ್ತ ತಿರುಗಿ. ನಮ್ಮವಳು ಎಲ್ಲರಿಗಿಂತ ಹಿಂದೆ ಬಂದಳು. ಅವಳ ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಹತ್ತಿರ ಬಂದು, ಪೆಟ್ಟಿಗೆ ಕೆಳಗಿಟ್ಟು, ಮಾವನೆದುರು ನಿಂತಳು.

“ಬಂತು ಮಾವ,” ಎಂದಳು. “ತಂಡದಲ್ಲಿ ಹೆಸ್ರು ಬಂತು.”

ಅಂಕ ಎಷ್ಟು, ಎಷ್ಟನೆಯವಳು, ಗುಂಡು ಹೇಗೆ ಹೋಯಿತು? ನೂರು ಪ್ರಶ್ನೆ ಕೇಳಬೇಕಾದವನು ಒಂದನ್ನೂ ಕೇಳಲಿಲ್ಲ. ಅವಳ ಬಲಗೈಯನ್ನು ತೆಗೆದುಕೊಂಡು ತನ್ನ ಎರಡೂ ಕೈಗಳ ನಡುವೆ ಮುಚ್ಚಿ ಹಿಡಿದ. ಹಾಗೆಯೇ ನನ್ನ ಕಡೆ ತಿರುಗಿ, “ಅಕ್ಕಾ, ಮುಟ್ಟಿ ನೋಡು, ಈಕಿ ಕೈ ಎಷ್ಟು ಬಿಸಿ ಐತಿ!” ಎಂದ.

ನಾನು ಮುಟ್ಟಿ ನೋಡಿದೆ. ಹುಡುಗಿಯ ಕೈ ಎಲ್ಲರ ಕೈಯಂತೆ ಇತ್ತು. ಮಂಜಿನಂತೆ ತಣ್ಣಗಾಗಿದ್ದವು ಅವನ ಕೈಗಳು. ಜೀವಮಾನದಲ್ಲಿ ಮೊದಲ ಸಲ ನನ್ನ ತಮ್ಮನ ಅಳತೆ ತಪ್ಪಿತ್ತು.

“ಹೌದಪ್ಪಾ, ಬಹಳ ಬಿಸಿ ಐತಿ,” ಎಂದೆ.